ಹಾಲುತೆನೆ

ಇನ್ನೂರ ಮೂವತ್ತು ತೆನೆ ಬೇಕು ಅಂದಿದ್ದರು ಗುರ್ಕಾರ ಮಾರ್ಸೆಲ್.
ಮನೆಗೊಂದಲ್ಲ, ತಲೆಗೊಂದು.
ಫೋನಿನಲ್ಲಿ ಎರಡು ಸಲ ಹೇಳಿದರು,
ನಾನು ಲೆಕ್ಕ ತಪ್ಪುವವಳ ಹಾಗೆ.

ಕುಂಬಳೆ ಪೇಟೆಯ ಬೆನ್ನಿಗೆ, ರೈಲುಹಳಿಯ ಆಚೆ
ಗದ್ದೆ ಅಂತ ಉಳಿದದ್ದು ನಾನು ಪಾಲಿಗೆ ಮಾಡುವ ಒಂದು ತುಂಡು.
ಮಿಕ್ಕವರದ್ದಕ್ಕೆ ಕೆಂಪು ಮಣ್ಣು ಬಿದ್ದಾಗಿದೆ.
ಮಂಗಳೂರಿನ ಲೋಕಲ್ ದಾಟುವಾಗ
ನನ್ನ ಪೈರು ಮಾತ್ರ ಒಮ್ಮೆ ಬಗ್ಗಿ ಏಳುತ್ತದೆ
ಯಾರೋ ಹಿರಿಯರು ಜಗಲಿಗೆ ಬಂದ ಹಾಗೆ.

ಈ ವರ್ಷ ಕಾರ್ತೆಲಿನ ಮಳೆ ಹದಿನೈದು ದಿನ ತಡ.
ತೆನೆ ಹೊರಗೆ ಬಂದಿದೆ, ಕಾಳು ಗಟ್ಟಿಯಾಗಿಲ್ಲ,
ಉಗುರು ಒತ್ತಿದರೆ ಹಾಲು.
ಇದನ್ನು ಕೊಯ್ಯುವುದೆಂದರೆ,
ನನ್ನ ಅತ್ತೆ ಇದ್ದಿದ್ದರೆ ಕತ್ತಿ ಕಿತ್ತುಕೊಳ್ಳುತ್ತಿದ್ದರು.
ಕೊಯ್ದೆ.
ಮೊಂತಿ ಹಬ್ಬ ಮಳೆಯನ್ನು ಕೇಳಿಕೊಂಡು ಬರುವುದಿಲ್ಲ,
ಸೆಪ್ಟೆಂಬರ್ ಎಂಟಕ್ಕೆ ಬರುತ್ತದೆ.

ಒದ್ದೆ ಬೈರಾಸಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು
ರಿಕ್ಷಾದಲ್ಲಿ ಇಗರ್ಜಿಯ ತಿರುವಿಗೆ ಬಂದರೆ
ಮೀನಿನ ಅಂದುಂಞಿ ಖಾಲಿ ಬುಟ್ಟಿ ಕವುಚಿ ಹಾಕಿ ಅದರ ಮೇಲೆ ಕೂತಿದ್ದಾನೆ.
"ಇವತ್ತು ಇವರದ್ದೆಲ್ಲ ಸೊಪ್ಪು, ಬೆಂಡೆಕಾಯಿ.
ನನಗೂ ರಜೆ ಸುಗಂಧಿಯಕ್ಕ," ಅಂದ,
ನಾನು ಚಿಲ್ಲರೆ ಹುಡುಕುವಷ್ಟು ಹೊತ್ತು ಕಟ್ಟನ್ನು ಹಿಡಿದುಕೊಂಡ.
ತೆನೆಗೆ ಬಂಗುಡೆಯ ವಾಸನೆ ಹತ್ತಿತೋ ಏನೋ,
ಯಾರೂ ಹೇಳಲಿಲ್ಲ.

ಒಳಗೆ, ಶಿಶು ಮರಿಯಮ್ಮನ ಪುಟ್ಟ ತೊಟ್ಟಿಲು.
ಒಂಬತ್ತು ದಿನದ ಹೂವೆಲ್ಲ ಅವಳ ಕಾಲಬುಡದಲ್ಲಿ ಕೊಳೆಯುವ ಪರಿಮಳ:
ದಾಸವಾಳ, ಗೋರಟೆ, ಬೇಲಿಯ ಹೆಸರಿಲ್ಲದ ನೀಲಿ.
ಫ್ಲಾಟಿನ ಹುಡುಗನೊಬ್ಬ ಶೋಕೇಸಿನ ಪ್ಲಾಸ್ಟಿಕ್ ಗುಲಾಬಿ ಬಿಡಿಸಿ
ಎಸಳೆಸಳಾಗಿ ತಟ್ಟೆ ತುಂಬ ತಂದಿದ್ದ.
ಎಲ್ಲರಿಗಿಂತ ಎತ್ತರಕ್ಕೆ ಎಸೆದ.
ಅವು ಬಾಡುವುದಿಲ್ಲವಲ್ಲ, ಮುಂದಿನ ವರ್ಷಕ್ಕೂ ಆದೀತು.

ಪಾದ್ರಿಗಳು ನೀರು ಚಿಮುಕಿಸಿದರು.
ಮಾರ್ಸೆಲ್ ಕನ್ನಡಕ ಏರಿಸಿ ಪಟ್ಟಿ ಓದಿದರು,
ಸೆರಫಿನಾ ಬಾಯಿ, ಆರು.
ಪಾವ್ಲಿನ್, ಮೂರು.
ದರ್ಜಿ ಬೊನಿಫಾಸ್...

"ಎರಡು," ಅಂದ ದರ್ಜಿ, ಅವರು ಓದುವ ಮೊದಲೇ.

ಪಟ್ಟಿಯಲ್ಲಿ ಒಂದು ಹೆಸರ ಮೇಲೆ ಗೆರೆ ಎಳೆದಿತ್ತು,
ಜೂನಿನಲ್ಲಿ ಎಳೆದದ್ದು, ಶಾಯಿ ಸ್ವಲ್ಪ ಹರಡಿದೆ.
ಮಾರ್ಸೆಲ್ ಒಂದು ತೆನೆ ಕೊಟ್ಟರು.
ದರ್ಜಿಯ ಕೈ ಹಿಂದೆ ಹೋಗಲಿಲ್ಲ.
ಜಗಳದ ಕೈ ಅಲ್ಲ ಅದು, ಬೇಡುವುದೂ ಅಲ್ಲ,
ಅಳತೆ ಟೇಪಿನ ಆ ತುದಿಯನ್ನು ಯಾರಾದರೂ ಹಿಡಿಯಲಿ
ಎಂದು ಕಾಯುವ ಕೈ.
ಪಾದ್ರಿಗಳು ಫ್ಯಾನ್ ನೋಡಿದರು.

ಐದೈದರ ನಲವತ್ತಾರು ಸಿವುಡು,
ಲಾಟೀನಿನ ಬೆಳಕಲ್ಲಿ ನಾನೇ ಕಟ್ಟಿದ್ದು,
ಮತ್ತೆ ಬಿಚ್ಚಿ ಎಣಿಸಿದ್ದು.
"ಲೆಕ್ಕ ತಪ್ಪಿತು ಮಾರ್ಸೆಲರೇ," ಅಂದೆ,
"ಒಂದು ಜಾಸ್ತಿ ಬಂದಿದೆ."

"ನಾನು ಹೇಳಿದ್ದೆನಲ್ಲ," ಅಂದರು ಅವರು, ಸಮಾಧಾನದಿಂದ.

ಕೊನೆಗೆ ಉಳಿದವರು ಅವರೇ.
ಮನೆಯಲ್ಲಿ ಐದು ತಲೆ, ಬೈರಾಸಿನಲ್ಲಿ ನಾಲ್ಕು ತೆನೆ.
ನನ್ನ ಮುಖ ನೋಡಿದರು. ಬೈರಾಸು ಕೊಡವಿದರು.
ಮಡಚಿ ನನ್ನ ಕೈಗಿಟ್ಟರು.

ಊಟ ದರ್ಜಿಯ ಮನೆಯಲ್ಲಿ.
ಪದಾರ್ಥದ ಲೆಕ್ಕ ಇವತ್ತು ಬೆಸ ಇರಬೇಕಂತೆ.
ಅವನು ಮಾಡಿದ್ದು ಹರಿವೆ, ಚೀನಿಕಾಯಿ, ಎರಡೇ.
ತುಸು ಯೋಚಿಸಿ ಅಟ್ಟದಿಂದ ಒಂದು ಭರಣಿ ಇಳಿಸಿದ,
ಬಾಯಿಗೆ ಕಟ್ಟಿದ ಬಟ್ಟೆಯ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು,
ಸೂಜಿಯವನಿಗೆ.
ಮಿಡಿ ಇನ್ನೂ ಗರಿಗರಿ.
ಯಾರು ಹಾಕಿದ್ದೆಂದು ನಾನು ಕೇಳಲಿಲ್ಲ.

ತೆಂಗಿನ ಹಾಲಿಗೆ ಏಳು ಕಾಳು ಸುಲಿದು ಹಾಕಬೇಕು.
ಎರಡು ತೆನೆಯಿಂದಲೂ ಸುಲಿದ.
ಅಕ್ಕಿ ಎಲ್ಲಿ? ಹೆಬ್ಬೆರಳ ಮೇಲೆ ಒಂದು ಬಿಳಿ ಹನಿ,
ಹಾಲಿನಲ್ಲಿ ಅದ್ದಿದರೆ ಯಾವುದು ಯಾವುದೆಂದು ತಿಳಿಯದು.
"ಇಷ್ಟು ಬೇಗ ಕೊಯ್ಯಬಾರದಿತ್ತು," ಅಂದ.
"ಹೌದು," ಅಂದೆ.

ಸಂಜೆಯ ಲೋಕಲ್ ಬಂದಾಗ ಬದುವಿನಲ್ಲಿದ್ದೆ.
ಪೈರು ಬಗ್ಗಿತು, ಎದ್ದಿತು.
ಮಧ್ಯೆ ಕೊಯ್ದ ಜಾಗದಲ್ಲಿ,
ಒಂದು ಚಾಪೆಯಗಲ,
ಗಾಳಿ ಸುಮ್ಮನೆ ಹಾದುಹೋಯಿತು.