ಹದಿನಾರು ಚುಕ್ಕಿ ಅಗಲ

ಫ್ಯಾಕ್ಸು ಬರುತ್ತಿದ್ದದ್ದು ರಾತ್ರಿ. ಅವರಿಗಾಗ ಬೆಳಗು.
ಒಸಾಕಾದ ಆ ಆರನೇ ಮಹಡಿಯಲ್ಲಿ
ಬಿಸಿ ಕಾಗದ ಸುರುಳಿ ಬಿಚ್ಚುತ್ತ ನೆಲಕ್ಕಿಳಿದು
ನನ್ನ ಚಪ್ಪಲಿಗೆ ತಾಗುತ್ತಿತ್ತು:

ಮೂರನೇ ಊರಿನ ಹೆಂಡದಂಗಡಿಗೆ ಕಾಫಿಯ ಫಲಕ ಹಾಕಿ.
ಕುಡುಕ ಕುಡುಕನಲ್ಲ, ನಿದ್ದೆಗೆಟ್ಟವನು.
ಮಾಟಗಾತಿಗೆ ಮೊಣಕೈ ತನಕ ಬಟ್ಟೆ.
ರಕ್ತ ಬೇಡ. ಬೇಕೇ ಬೇಕೆಂದರೆ ಹಸಿರು.
ಯಾರೂ ಸಾಯುವಂತಿಲ್ಲ, ‘ಹೊರಟುಹೋದರು’ ಎನ್ನಿ.
ಗೋರಿಗಳ ಮೇಲಿನ ಶಿಲುಬೆ ತೆಗೆಯಿರಿ.
ಎಲ್ಲ ಗೋರಿಗಳ.

‘ಅಲ್ಲಿಯ ಮಕ್ಕಳ ಹೊಟ್ಟೆ ಸೂಕ್ಷ್ಮ’ ಎಂದು ನಕ್ಕ
ಹಿರಾಬಯಾಷಿ, ನನ್ನ ಮೇಲಿನವನು,
ಸಿಗರೇಟು ಹೊಸಕಿ ಹಾಳೆ ನನ್ನತ್ತ ತಳ್ಳಿದ.

ಬದಲಿಸಿದೆ. ಅದೇ ನನ್ನ ಕೆಲಸ.
ಹೆಂಡದ ಲೋಟದ ಮೇಲೆ ಮೂರು ಬಿಳಿ ಚುಕ್ಕಿ ಇಟ್ಟರೆ
ಹಬೆಯಾಯಿತು, ಕಾಫಿಯಾಯಿತು.
ಮಾಟಗಾತಿಗೆ ಹನ್ನೆರಡು ಚುಕ್ಕಿ ನೇರಳೆ ಹೊದಿಸಿದೆ;
ಮೊದಲು ಅವಳಿಗೆ ಚಳಿಯಿರಲಿಲ್ಲ, ಆಮೇಲೆ ನಾಚಿಕೆಯೂ ಬರಲಿಲ್ಲ.
ಊರು ಸುಟ್ಟು ಬೂದಿಯಾದ ಮೇಲೆ
ನಾಯಕನ ತಾಯಿ ‘ಹೊರಟುಹೋದಳು’.
ಹಾಗಾದರೆ ಗೋರಿ ಯಾರದು ಎಂದ ಅನುವಾದಕ ಕುವಬಾರ.
ಯಾರೂ ತಲೆ ಎತ್ತಲಿಲ್ಲ.

ಶಿಲುಬೆಯ ಸರದಿ ಬಂದಾಗ ಕೈ ನಿಂತಿತು.

ನಾನು ಗೊತೋ ದ್ವೀಪದವಳು.
ಅಜ್ಜಿ ಸವಾಳ ಗೂಡಿನಲ್ಲಿ ಬಿಳಿ ಪಿಂಗಾಣಿಯ ಕನ್ನೋನ್,
ತೊಡೆಯ ಮೇಲೊಂದು ಕೂಸು.
ತಿರುಗಿಸಿದರೆ ಬೆನ್ನಿನ ಮಡಿಕೆಯೊಳಗೆ
ಉಗುರಿನ ಚೂರಿನಷ್ಟು ಶಿಲುಬೆ.
ವರ್ಷಕ್ಕೊಮ್ಮೆ ಅಧಿಕಾರಿಗಳು ಬಂದು
ದೇವರ ಚಿತ್ರ ನೆಲಕ್ಕಿಟ್ಟು ತುಳಿಯಿರಿ ಎನ್ನುತ್ತಿದ್ದರಂತೆ.
ನಮ್ಮವರು ತುಳಿದರಂತೆ, ಮನೆಗೆ ಬಂದು
ಕಾಲು ತೊಳೆದ ನೀರು ಕುಡಿದರಂತೆ.
ಅಜ್ಜಿಗೆ ಬರುತ್ತಿದ್ದ ಪ್ರಾರ್ಥನೆ
ಬಾಯಿಂದ ಬಾಯಿಗೆ ಸವೆದು ಸವೆದು
ಬರೀ ಸದ್ದಾಗಿ ಉಳಿದಿತ್ತು.

ನನಗೆ ನಂಬಿಕೆ ಇರಲಿಲ್ಲ. ಈಗಲೂ ಇಲ್ಲ.
ಬೂದು ಆಕಾಶಕ್ಕೆ ಎದ್ದು ಕಾಣುತ್ತದೆಂದು
ಬರೆದ ಶಿಲುಬೆ ಅದು, ಅಷ್ಟೇ.
ಆದರೂ, ಬೀದಿಗೊಂದು ಇಗರ್ಜಿಯಿರುವ ದೇಶದಿಂದ
ಇಂಥ ಹಾಳೆ ಬರುತ್ತದೆಂದು
ಅಜ್ಜಿಗೆ ಹೇಳಿದ್ದರೆ ನಂಬುತ್ತಿದ್ದಳೇ?

ಹದಿನಾರು ಚುಕ್ಕಿ ಅಗಲ, ಹದಿನಾರು ಎತ್ತರ,
ಬೂದಿನಲ್ಲಿ ಮೂರೇ ಬಗೆ.
ಮೇಲಿನದನ್ನೆಲ್ಲ ಅಳಿಸಿ ಕಲ್ಲನ್ನು ಗುಂಡಗೆ ಮಾಡಿದೆ.
ಒಂದೇ ಒಂದು ಗೋರಿಯ ಬಿರುಕಿನಲ್ಲಿ, ಪಾಚಿಯ ಕೆಳಗೆ,
ಕಡುಬೂದಿನ ಮೇಲೆ ನಡುಬೂದು,
ಆರು ಚುಕ್ಕಿ: ಉದ್ದಕ್ಕೆ ನಾಲ್ಕು, ಆಚೆಗೊಂದು, ಈಚೆಗೊಂದು.
ಹಿರಾಬಯಾಷಿ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿ
‘ಚೊಕ್ಕಟವಾಗಿದೆ’ ಎಂದ.
ರಟ್ಟಿನ ಪೆಟ್ಟಿಗೆಗಳು ಹಡಗು ಹತ್ತಿದವು.

ಇಪ್ಪತ್ತೆಂಟು ವರ್ಷ.
ಮೊನ್ನೆ ಡೆನ್‌ಡೆನ್ ಟೌನಿನ ಹಳೆ ಸಾಮಾನಿನ ಬುಟ್ಟಿಯಲ್ಲಿ
ಕಡಲು ದಾಟಿ ವಾಪಸು ಬಂದ ಕ್ಯಾಸೆಟ್ಟು, ಎಂಟುನೂರು ಯೆನ್.
ಬೆನ್ನ ಮೇಲೆ ಮಾರ್ಕರಿನಲ್ಲಿ ಯಾವುದೋ ಹುಡುಗನ ಹೆಸರು,
ಡ್ವೇನ್ ಎಂದಿರಬೇಕು, ಕೊನೆಯಕ್ಷರ ಉಜ್ಜಿಹೋಗಿದೆ.
ತಂಗಿಯ ಮಗ ಯಾವುದೋ ಯಂತ್ರಕ್ಕೆ ತಂತಿ ಸಿಕ್ಕಿಸಿಕೊಟ್ಟ.

ಕಾಫಿ ಅಂಗಡಿ ದಾಟಿದೆ.
ನಿದ್ದೆಗೆಟ್ಟವನು ತೂರಾಡುತ್ತಲೇ ಇದ್ದ,
ಅವನ ನಡಿಗೆ ಬದಲಿಸಲು ಯಾರೂ ಹೇಳಿರಲಿಲ್ಲವಲ್ಲ.
ಸ್ಮಶಾನದಲ್ಲಿ ಭೂತಗನ್ನಡಿ ಹಿಡಿದು
ಕಲ್ಲಿನಿಂದ ಕಲ್ಲಿಗೆ ಹೋದೆ.
ಯಾವ ಸಾಲು, ಎಷ್ಟನೆಯದು, ನೆನಪಿಲ್ಲ.
ಹೊಸ ಪರದೆಯ ಬೆಳಕಿಗೆ ಬೂದುಗಳೆಲ್ಲ ಒಂದಾಗಿದ್ದವೋ,
ನನ್ನ ನಂತರ ಇನ್ನೊಂದು ಕೈ ಒರೆಸಿತ್ತೋ,
ಅಥವಾ ಬಚ್ಚಿಡುವುದು ನನ್ನ ರಕ್ತದಲ್ಲೇ ಇತ್ತೋ.
ಪ್ರತಿ ಗೋರಿಯೆದುರು ನಿಂತು ಗುಂಡಿ ಒತ್ತಿದೆ,
ಪ್ರತಿ ಗೋರಿಯೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿತು:
ಇಲ್ಲಿದ್ದವರು ಹೊರಟುಹೋಗಿದ್ದಾರೆ.

ಏನು ಹುಡುಕುತ್ತೀ ದೊಡ್ಡಮ್ಮ, ಎಂದ ಹುಡುಗ.

ಏನಿಲ್ಲ, ಬಣ್ಣ ಸರಿಯಾಗಿ ಕೂತಿದೆಯಾ ನೋಡುತ್ತಿದ್ದೆ,
ಅಂದೆ.