ಗೋರಿ ಹರಳು

ಅವತ್ತು ಮಾವಿನ ಮರದ ಕೆಳಗೆ ನಾನೇ ದುಭಾಷಿ.
ದಾರ್ ಎಸ್ ಸಲಾಮಿನಿಂದ ಎರಡು ಜೀಪು, ಒಂದು ನಕ್ಷೆ,
ನಕ್ಷೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಸೋಡಾ ಬಾಟಲಿ.
ಅವರ ಇಂಗ್ಲಿಷು ನನ್ನ ಕಿವಿಗೆ ಹೊಕ್ಕು
ಸ್ವಾಹಿಲಿಯಾಗಿ ಬಾಯಿಂದ ಬೀಳಬೇಕು.
ದಿನಗೂಲಿ, ಊಟ ಬೇರೆ.

"ಈ ಗಿಡ ಬರಡಿನಲ್ಲೂ ಬೆಳೆಯುತ್ತದೆ" ಅಂದರು; ಅಂದೆ.
"ನೀರು ಬೇಡ, ಗೊಬ್ಬರ ಬೇಡ" ಅಂದರು; ಅಂದೆ.
"ಇದರ ಎಣ್ಣೆಯಲ್ಲಿ ಅಲ್ಲಿ ದೂರದ ದೇಶಗಳಲ್ಲಿ
ಹೊಗೆಯ ಪಾಪ ತಟ್ಟದೆ ಬಸ್ಸು ಓಡುತ್ತದೆ, ವಿಮಾನ ಹಾರುತ್ತದೆ.
ನಿಮಗೊಂದು ಬಾವಿ, ಆಸ್ಪತ್ರೆ, ರಸ್ತೆ
ಆಗಬಹುದು" ಅಂದರು.
"ಆಗುತ್ತದೆ" ಅಂದೆ.
ಕ್ರಿಯಾಪದ ಅದೇ, ಬಾಲ ಮಾತ್ರ ಬೇರೆ.
ಬಿಸಿಲು ಬಹಳ ಇತ್ತು.

ಗಿಡದ ಹೆಸರು ಬಂದಾಗ ಮಾತ್ರ ತಡವರಿಸಿದೆ.
ಅವರ ಬಾಯಲ್ಲಿ ಅದು ಜತ್ರೋಫಾ.
ನಮ್ಮ ಬಾಯಲ್ಲಿ ಎಂಬೊನೊ ಕಬೂರಿ,
ಗೋರಿ ಹರಳು.
ಸತ್ತವರ ತಲೆದೆಸೆಗೆ ಒಂದು ಕೊಂಬೆ ಮುರಿದು ನೆಟ್ಟರೆ
ತಾನೇ ಬೇರು ಬಿಡುತ್ತದೆ,
ಕಲ್ಲಿಗೆ ದುಡ್ಡಿಲ್ಲದವರ ಕಲ್ಲು.
ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಮಾತಿಗೆ
ಇದೊಂದು ಸೊಪ್ಪು ಹೊರತು.
ನಾನು "ಎಣ್ಣೆ ಗಿಡ" ಅಂದುಬಿಟ್ಟೆ.

ಬೀ ಸಿವೇಮಾ ಎದ್ದಳು. ಮೊಣಕಾಲು ಹಿಡಿದುಕೊಂಡೇ ಎದ್ದಳು.
ಅವರು ತಂದ ಸಸಿಯ ಎಲೆಯೊಂದನ್ನು ಚಿವುಟಿ
ತೊಟ್ಟಿನ ಹಾಲನ್ನು ಬೆರಳಲ್ಲಿ ತಿಕ್ಕಿ, ಮೂಸಿ,
"ಎಂಟು ಸಾವಿರ ಹೆಕ್ಟೇರು" ಅಂದಳು,
"ಅಷ್ಟು ಜನ ಯಾರಪ್ಪಾ ಸಾಯುವವರು?"

ಊರೆಲ್ಲ ನಕ್ಕಿತು.
ಬಂದವರು ನನ್ನ ಮುಖ ನೋಡಿದರು.
"ಗಿಡದ ಗುರುತು ಹತ್ತಿತು ಅನ್ನುತ್ತಾಳೆ" ಅಂದೆ.
ಅವರೂ ನಕ್ಕರು.
ಹೆಬ್ಬೆಟ್ಟುಗಳು ಒಂದಾದ ಮೇಲೊಂದು ನೀಲಿಯಾದವು.

ನಕ್ಷೆಯಲ್ಲಿ ಬರಡು ಅಂತ ಬರೆದಿದ್ದ ಜಾಗದಲ್ಲಿ
ಶೊಮಾರಿ ಟೊಳ್ಳುದಿಮ್ಮಿಯ ಜೇನುಗೂಡುಗಳನ್ನು ತೂಗುಹಾಕಿದ್ದ, ನಲವತ್ತೊಂದು.
ಬುಲ್ಡೋಜರು ಬಂದ ದಿನ ಹದಿಮೂರು ಇಳಿಸಿಕೊಂಡ.
ಕಾಡು ಹನ್ನೊಂದು ದಿನ ಉರಿಯಿತು.
ಬೂದಿ ನಮ್ಮ ಮರಗೆಣಸಿನ ಹಿಟ್ಟಿನಲ್ಲಿ, ಮಕ್ಕಳ ರೆಪ್ಪೆಯಲ್ಲಿ.

ಬರಡಿನಲ್ಲೂ ಬೆಳೆಯುತ್ತದೆ ಅಂದಿದ್ದರು, ಬೆಳೆಯಿತು.
ಕಾಯಿ ಬಿಡುತ್ತದೆ ಅಂತ ಅವರೂ ಹೇಳಿರಲಿಲ್ಲ,
ನಾನೂ ಹೇಳಿರಲಿಲ್ಲ.
ಹೆಂಗಸರು ಕಳೆ ಕೀಳುವುದು ಬಿಟ್ಟು
ಎಲೆಯ ನಡುವೆ ಬೀಜ ಹುಡುಕಿದರು,
ಸಂಜೆಗೆ ತಕ್ಕಡಿ ಏಳಲೇ ಇಲ್ಲ.

ಮೂರನೆಯ ವರ್ಷ ಎಲ್ಲೋ ಪೆಟ್ರೋಲಿನ ಬೆಲೆ ಬಿತ್ತಂತೆ.
ನಮ್ಮೂರಿನ ಮೇಲೆಯೇ ಬಿತ್ತು.
ಜೀಪು ಹೋದವು. ಗೇಟು ಉಳಿಯಿತು.
ಸಂಬಳ ನಿಂತರೂ ಕಾವಲಿಗೆ ಕಿಬ್ವಾನಾ ಉಳಿದ.
ಊರಿನ ಕೆರೆ ಬೇಲಿಯೊಳಗೆ ಸೇರಿಹೋಗಿದೆ;
ಬಿಂದಿಗೆ ಹೊತ್ತ ಹೆಂಗಸರಿಗೆ ಅವನು ಬೆಳಗ್ಗೆ
ಎದ್ದು ನಿಂತು ಬೀಗ ತೆಗೆಯುತ್ತಾನೆ, ಸಮವಸ್ತ್ರದಲ್ಲಿ.

ಆಮೇಲೆ ಒಬ್ಬಳು ವಿದ್ಯಾರ್ಥಿನಿ ಬಂದಳು, ಹೊರದೇಶದವಳು.
ಮಣ್ಣನ್ನು ಸಣ್ಣ ಸಣ್ಣ ಚೀಲಕ್ಕೆ ತುಂಬಿ ಚೀಟಿ ಅಂಟಿಸಿದಳು.
ಮತ್ತೆ ನಾನೇ ದುಭಾಷಿ.
"ಕಾಡು ಉರಿದ ಹೊಗೆಯ ಸಾಲ ತೀರಿಸಬೇಕಾದರೆ
ಈ ಗಿಡಗಳು ನಿಮ್ಮ ಮೊಮ್ಮಕ್ಕಳ ಕಾಲದವರೆಗೆ ದುಡಿಯಬೇಕು" ಅಂದಳು.
ಅಂದೆ.
ಹೊಗೆ ಅರ್ಥವಾಗಲಿಲ್ಲ. ಸಾಲ ಥಟ್ಟನೆ ಅರ್ಥವಾಯಿತು.

ಗಿಡದ್ದೇನು ತಪ್ಪು, ಹೇಳಿ.
ಕರೆಂಟಿಲ್ಲದ ರಾತ್ರಿ ಹುಡುಗರು ಸಿಪ್ಪೆ ಸುಲಿದ ಬೀಜಗಳನ್ನು
ಬಿದಿರ ಕಡ್ಡಿಗೆ ಪೋಣಿಸಿ ತುದಿಗೆ ಬೆಂಕಿ ತಾಗಿಸುತ್ತಾರೆ.
ಒಂದು ಬೀಜ ಇನ್ನೊಂದಕ್ಕೆ ಉರಿಯನ್ನು ದಾಟಿಸುತ್ತ
ಒಂದು ಪುಟದ ಲೆಕ್ಕ ಮುಗಿಯುವಷ್ಟು ಬೆಳಕು ಕೊಡುತ್ತದೆ.
ಎಣ್ಣೆ ಸುಳ್ಳಲ್ಲ.
ಪುಟ ಒಂದೇ ಆಗಿತ್ತು, ಅಷ್ಟೆ.

ಮೊನ್ನೆ ಬೀ ಸಿವೇಮಾ ಹೋದಳು.
ಮಣ್ಣು ಮುಚ್ಚಿ ಎಲ್ಲರೂ ಕೈ ತೊಳೆಯಲು ಹೋದಾಗ
ಕಿಬ್ವಾನಾನ ಗೇಟು ದಾಟಿ ಒಂದು ಕೊಂಬೆ ಮುರಿದುಕೊಂಡು ಬಂದೆ.
ತಲೆದೆಸೆಗೆ ನೆಟ್ಟೆ.
ಬೆರಳಿಗೆ ಅಂಟಿದ ಹಾಲು ಇನ್ನೂ ಹೋಗಿಲ್ಲ.

ನೀರು ಹಾಕಿದವರಿಲ್ಲ, ಎರಡೇ ವಾರಕ್ಕೆ ಚಿಗುರಿದೆ.
ಪಕ್ಕದಲ್ಲಿ ನಿಂತ ಹುಡುಗಿ ಕೇಳಿದಳು, "ಇದು ಯಾವ ಗಿಡ?"
ಈ ಸಲ ಹೆಸರು ಸರಿಯಾಗಿ ಹೇಳಿದೆ.