ಬಿರಡೆ

ನಂಗಲಿಯ ಯರ್ರಪ್ಪನದು ದನದ ವ್ಯಾಪಾರದ ಕೈ.
ಟ್ರೈಲರ್ ಮಾರುವಾಗಲೂ ಹೆಗಲ ಟವೆಲ್ಲು ತೆಗೆದ,
ಅದರಡಿ ಬೆರಳು ಚಾಚಿದ,
ಕೊಳ್ಳುವವಳು ಹೆಂಗಸು ಅಂತ ಆಮೇಲೆ ಹೊಳೆದು
ಟವೆಲ್ಲು ಮತ್ತೆ ಹೆಗಲಿಗೆ ಹಾಕಿಕೊಂಡ.
"ಬಾಯಲ್ಲೇ ಹೇಳಮ್ಮ" ಅಂದ, ಆಗಲೇ ಸೋತವನ ಹಾಗೆ.
ಅರವತ್ತೆಂಟು ಅಂದೆ. ಅರವತ್ತೆಂಟಕ್ಕೇ ನಿಂತಿತು.

ಹನ್ನೆರಡು ವರ್ಷ ಅದು ಹೊತ್ತದ್ದು
ಮಾವು, ಟೊಮೇಟೊ ಕ್ರೇಟು, ಕೆರೆಯ ಗೋಡು,
ಒಂದು ಸಲ ಮದುವೆ ದಿಬ್ಬಣ,
ಒಂದು ಸಲ, ನಡುರಾತ್ರಿ, ಹೆರಿಗೆ ನೋವಿನ ಸೊಸೆ.
ಕೊಕ್ಕೆ ಕಳಚುತ್ತ ಒಂದೊಂದೇ ಹೇಳಿದ.
ಕೊನೆಗೆ ತಳದ ಮೂಲೆಗೆ ಬಗ್ಗಿ
ದಾರದಲ್ಲಿ ನೇತಾಡುವ ಮರದ ತುಂಡೊಂದನ್ನು ಮುಟ್ಟಿ
"ಈ ಬಿರಡೆ ಕಳೀಬೇಡಿ" ಅಂದ.
ಹೂಂ ಅಂದೆ,
ಮುದುಕರಿಗೆ ಹೂಂ ಅನ್ನುವ ಹಾಗೆ.

ಭತ್ತದ ಸೀಮೆಯವರಿಗೆ ಗೊತ್ತಿರಲಿಕ್ಕಿಲ್ಲ,
ರಾಗಿ ನೀರಿನ ಜಾತಿ.
ಸಂದು ಸಿಕ್ಕರೆ ಹೇಳದೆ ಹೋಗುತ್ತದೆ.
ಅದಕ್ಕೇ ನಟ್ಟನಡು ಮಧ್ಯಾಹ್ನ
ಟ್ರೈಲರಿಗೆ ಟಾರ್ಪಾಲು ಬಿಗಿಸಿ
ಒಳಗೆ ಕೂತೆ, ಕೈಯಲ್ಲಿ ಸೀಮೆಸುಣ್ಣ.
ಹೊರಗಿಂದ ಮೈದುನ ಮುನಿಶಾಮಿ:
"ಅತ್ತಿಗೆ, ಉಸಿರಾಡ್ತಾ ಇದೀರಾ?"
ಉಸಿರೆಲ್ಲ ಒಣಗಿದ ಮಾವಿನ ರಸದ ವಾಸನೆ.
ಕಣ್ಣು ಕತ್ತಲೆಗೆ ಹೊಂದುವಷ್ಟರಲ್ಲಿ
ತಗಡಿನ ತುಂಬ ಚುಕ್ಕಿ ಮೂಡಿದವು,
ಡೋರಿನ ಕೆಳಗೊಂದು ಸಾಲು,
ಬಲಗಡೆ ಏಳು, ಒಟ್ಟೊಟ್ಟಿಗೆ.
ಚಂದ ಇತ್ತು. ರಿಪೇರಿ ದುಡ್ಡು ಕೊಡುವವಳು
ಆಡಬಾರದ ಮಾತು, ಆದರೂ ಚಂದ ಇತ್ತು.
ಬೆಳಕು ಬರುವಲ್ಲೆಲ್ಲ ರಾಗಿ ಹೋಗುತ್ತೆ:
ಇಪ್ಪತ್ತಮೂರು ಕಡೆ ಸೊನ್ನೆ ಸುತ್ತಿದೆ.

ಮುಳಬಾಗಿಲಲ್ಲಿ ಗಫಾರ್ ಸಾಬರ ಶೆಡ್ಡು.
ಒಂದೊಂದು ಸೊನ್ನೆಗೂ ರೂಪಾಯಿಯಗಲ ತಗಡು.
ಎಡಚಕ್ರದ ಬೇರಿಂಗು ಬಿಚ್ಚಿದರೆ
ಗ್ರೀಸು ಹಳೇ ಬೆಲ್ಲದ ಹಾಗೆ ಕಟ್ಟಿತ್ತು,
ಡೀಸೆಲ್ಲಿನಲ್ಲಿ ತೊಳೆದು ಹೊಸದು ತುಂಬಿದರು.
"ಮೂಲೇದು? ಇದು ಯಾರೋ ಬೇಕಂತ ಕೊರೆದದ್ದು."
"ಅದನ್ನೂ ಮುಚ್ಚಿ."
ಸಾಬರು ಕರಿ ಕನ್ನಡಕ ಹಣೆಗೇರಿಸಿ ನನ್ನನ್ನೊಮ್ಮೆ ನೋಡಿದರು.
ಮುಚ್ಚಿದರು.
ಬಿರಡೆ ಟೂಲ್ ಬಾಕ್ಸಿನ ತಳ ಸೇರಿತು.

ಮೊದಲ ಲೋಡಿನ ಹಿಂದೆ ಮನೆಯವರೆಗೂ ನಡೆದೆ,
ರಸ್ತೆ ನೋಡುತ್ತ.
ಇರುವೆಗಳೂ ನೋಡಿದವು.
ಒಂದು ಕಾಳು ಬಿದ್ದಿರಲಿಲ್ಲ.

ಆಮೇಲೆ ಚೆನ್ನೈ ಕಡೆಯ ಮೋಡ,
ಎರಡು ರಾತ್ರಿ, ಎಡೆಬಿಡದೆ.
ಬೆಳಗ್ಗೆ ಬಯಲಲ್ಲಿ ನಿಂತ ಖಾಲಿ ಟ್ರೈಲರಿನ ತುಂಬ
ಒಂದು ಗೇಣು ನೀರು,
ಅದರೊಳಗೆ ಆಕಾಶ, ಒಂದು ಹೊಂಗೆ ಎಲೆ.
ಕೊಡದಲ್ಲಿ ಮೊಗೆದೆ, ಚೊಂಬಲ್ಲಿ ಮೊಗೆದೆ,
ಕೊನೆಗೆ ಹಳೇ ಸೀರೆಯಲ್ಲಿ ಒರೆಸಿದೆ.
ಅಷ್ಟರಲ್ಲೇ ತಳ ತುಕ್ಕಿನ ಕೆಂಪು.
ಮಿಶಿನ್ನು ಪಕ್ಕದ ಹೊಲಕ್ಕೆ ಹೋಯಿತು, ನನ್ನ ಸರದಿ ತಪ್ಪಿತು.
ತೆವಳಿಕೊಂಡು ಒರೆಸುವಾಗ ನೆನಪಾದದ್ದು ತಾತ:
ನೀರುಗಂಟಿ. ನಲವತ್ತು ವರ್ಷ
ನಮ್ಮೂರ ಕೆರೆಯ ತೂಬು ತೆಗೆದವನು, ಹಾಕಿದವನು.
ಅವನ ಮೊಮ್ಮಗಳು ದುಡ್ಡು ಕೊಟ್ಟು
ತೂಬಿಲ್ಲದ ಕೆರೆ ಮಾಡಿಸಿಕೊಂಡಿದ್ದೆ.

ಸಾಬರು ಏನೂ ಕೇಳಲಿಲ್ಲ, ಡ್ರಿಲ್ಲು ತಂದರು.
ಮುಚ್ಚಿದ್ದಕ್ಕೆ ಐವತ್ತು, ತೆಗೆದದ್ದಕ್ಕೆ ನೂರು.
ಹೊಸ ತೂತು ಕೂದಲೆಳೆ ಹಿಗ್ಗು,
ಬಿರಡೆ ಸಡಿಲ.
ಅದೇ ಸೀರೆಯ ಅಂಚು ಹರಿದು
ಎರಡು ಸುತ್ತು ಸುತ್ತಿ ಒತ್ತಿದೆ, ಕಚ್ಚಿಕೊಂಡಿತು.

ಸಂಜೆ ಯರ್ರಪ್ಪನಿಗೆ ಫೋನು ಮಾಡಿದೆ.
ಯಾರು ಅಂತ ಹೇಳುವ ಮೊದಲೇ
"ಬಿರಡೆ ಇದೆಯಾ?" ಅಂದ.
ಅದು ಹೊಂಗೆಯದಂತೆ, ಹುಣಸೆಯದಾದರೆ ಸೀಳುತ್ತಂತೆ,
ವರ್ಷಕ್ಕೊಮ್ಮೆ ಹರಳೆಣ್ಣೆ ಕುಡಿಸಬೇಕಂತೆ,
ಯುಗಾದಿ ಹಿಂದಿನ ದಿನ ಮಾಡಿದರೆ ಮರೆಯುವುದಿಲ್ಲವಂತೆ.
ಫೋನು ಭುಜಕ್ಕೆ ಒತ್ತಿಕೊಂಡು
ಬಲಚಕ್ರದ ನಿಪ್ಪಲ್ಲಿಗೆ ಗ್ರೀಸು ಗನ್ನು ಹಿಡಿದಿದ್ದೆ.
ಹೂಂ ಅಂದೆ.